ಅಜ್ಜಯ್ಯನ ದೊರೆ ಕೋವಿಯೂ ಬಾರದೇ ಹೋದ ತೋಟಾಗಳೂ

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಹೊಸನಗರದಿಂದ ತೀರ್ಥಹಳ್ಳಿ ಕಡೆ ಹೋಗುವಾಗ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ಸಿಗುವ ನಾಲ್ಕೇ ನಾಲ್ಕು ಮನೆಗಳ ಹಳ್ಳಿ. ಜಡಿಮಳೆ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ಲಂತೂ ಮೊದಲೇ ಇಲ್ಲ. ಅಂಗಿಯ ಗುಂಡಿ ಕಿತ್ತುಬಂತು ಅಂತ ಅಮ್ಮನ ಹತ್ತಿರ ಸೂಜಿ ಕೇಳಿದೆ. "ದೇವರ ಗೂಡಿನ ಪಕ್ಕ ಅಜ್ಜಿಯ ಸೂಜಿಡಬ್ಬಿ ಇದೆ ನೋಡು" ಅಂದರು.

ಆ ಡಬ್ಬಿ ನಾನು ಹುಟ್ಟಿದಾಗಿನಿಂದ ನೋಡಿದ್ದೇ. ಆರು ಸೆಂಟಿಮೀಟರಿನಷ್ಟು ಉದ್ದದ ಹಿತ್ತಾಳೆಯ ಕೊಳವೆ. ಬುಡ ದಪ್ಪ, ಮೇಲೆ ಸೀಸೆಯ ಹಾಗೆ ಸಣ್ಣ ಕುತ್ತಿಗೆ, ಬಾಯಿಗೆ ಬಟ್ಟೆಯ ಬಿರಡೆ. ಅಜ್ಜಿ ಅದನ್ನ ಹುಣಸೆಹಣ್ಣು ಹಾಕಿ ತಿಕ್ಕೀ ತಿಕ್ಕೀ ಚಿನ್ನದ ಹಾಗೆ ಮಾಡಿಟ್ಟಿದ್ದರು. ಸೂಜಿ ತೆಗೆದುಕೊಂಡು ವಾಪಸ್ ಇಡುವಾಗ, ಮಾಡಲಿಕ್ಕೆ ಬೇರೆ ಕೆಲಸವಿಲ್ಲದ್ದಕ್ಕೋ ಏನೋ, ಬುಡ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದೆ. ಸುತ್ತ ಇಂಗ್ಲಿಷ್ ಅಕ್ಷರ, ಸವೆದಿದ್ದರೂ ಓದಬಹುದಿತ್ತು. 'ಕೈನಾಕ್' ಅಂತ ಒಂದು ಹೆಸರು. ಜೊತೆಗೆ ಎರಡು ಸಂಖ್ಯೆ: 577, 450.

ಅಜ್ಜಿಯ ಸೂಜಿಡಬ್ಬಿ ಅಜ್ಜಯ್ಯನ ದೊರೆ ಕೋವಿಯ ಖಾಲಿ ತೋಟಾ ಆಗಿತ್ತು!

ತೋಟಾ ಅಂದ್ರೆ ಕಾರ್ಟ್ರಿಜ್, ಗೊತ್ತಲ್ಲ. ನಮ್ಮ ಕಡೆ ತೋಟ ಕಾಯಲಿಕ್ಕೆ ತೋಟಾ ಬೇಕು ಅಂತ ಒಂದು ಹಳೇ ತಮಾಷೆ ಇದೆ. ಆ ಎರಡು ಸಂಖ್ಯೆಗಳ ಹಿಂದೆ ಬಿದ್ದು ಮುಂದಿನ ಕೆಲವು ತಿಂಗಳು ನಾನು ಓದಿದ್ದು, ಕೇಳಿದ್ದು, ಮನೆಯ ಹಿರಿಯರನ್ನ ಕಾಡಿದ್ದು ಎಲ್ಲ ಸೇರಿ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆಯಲ್ಲಿ ಎರಡು ಕೋವಿ ಇದ್ದವು. ಒಂದು ಕೇಪಿನ ಕೋವಿ, ಜಗಲಿಯ ಗೋಡೆಗೆ ತೂಗುಹಾಕಿದ್ದು. ಅದು ದುಡಿಯುವ ಕೋವಿ. ಹಂದಿ, ಮಂಗ, ಗದ್ದೆಗೆ ಬೀಳುವ ಕಾಡುಕುರಿ... ಎಲ್ಲದಕ್ಕೂ ಅದೇ. ಇನ್ನೊಂದು ಅಟ್ಟದ ಮೇಲೆ ಗೋಣಿತಾಟಿನಲ್ಲಿ ಸುತ್ತಿಟ್ಟ ರೈಫಲು. ಮುತ್ತಜ್ಜ ಕೊಪ್ಪದ ಕಡೆಯ ಕಾಫಿ ತೋಟದ ದೊರೆಯೊಬ್ಬ ದೇಶಕ್ಕೆ ವಾಪಸ್ ಹೋಗುವಾಗ ಕೊಂಡಿದ್ದಂತೆ. ಅದಕ್ಕೇ ದೊರೆ ಕೋವಿ. ಅದರ ಕೆಳಗೊಂದು ಕಬ್ಬಿಣದ ಸನ್ನೆ. ಅದನ್ನ ಕೆಳಗೆ ಜಗ್ಗಿದರೆ ನಳಿಗೆಯ ಹಿಂಬಾಗಿಲು 'ಟಕ್' ಅಂತ ತೆರೆದುಕೊಳ್ಳುತ್ತಿತ್ತು. ಚಿಕ್ಕವನಿದ್ದಾಗ ನನಗೆ ಆ ಸದ್ದು ಅಂದ್ರೆ ಪ್ರಾಣ. ಆದರೆ ಅಜ್ಜಯ್ಯ ಅದರಲ್ಲಿ ಈಡು ಹೊಡೆದದ್ದನ್ನ ನಾನು ನೋಡಲೇ ಇಲ್ಲ. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: "ತೋಟಾ ಬರೋದು ನಿಂತೋಯ್ತು ಮಾರಾಯ."

ಯಾಕೆ ನಿಂತಿತು? ಯಾರು ನಿಲ್ಲಿಸಿದರು? ಆಗ ಕೇಳಬೇಕು ಅಂತ ಅನ್ನಿಸಿರಲಿಲ್ಲ.

ಮೊದಲು ಗೋಡೆಯ ಮೇಲಿನ ಬಡ ಕೋವಿಯ ವಿಷಯ ಹೇಳಿಬಿಡ್ತೀನಿ. ಯಾಕಂದ್ರೆ ಒಂದು ಕೋವಿ ಬದುಕಿ ಇನ್ನೊಂದು ಸತ್ತದ್ದರ ಗುಟ್ಟು ಅಲ್ಲೇ ಇದೆ.

ಕೇಪಿನ ಕೋವಿಗೆ ಈಡು ತುಂಬೋದನ್ನ ನೋಡಿದವರಿಗೆ ಗೊತ್ತು, ಅದೊಂದು ಅಡುಗೆ ಇದ್ದ ಹಾಗೆ. ನಳಿಗೆಯ ಬಾಯಿಂದ ಮದ್ದು ಸುರಿಯೋದು, ಮೇಲೆ ತೆಂಗಿನ ನಾರು ತುರುಕೋದು, ಗಜ ಹಾಕಿ ಜಡಿಯೋದು, ಆಮೇಲೆ ಚರೆಯೋ ಗುಂಡೋ, ಅದು ಉದುರಿಬೀಳದ ಹಾಗೆ ಮತ್ತೆ ನಾರು. ಕೊನೆಗೆ ಹಿಂದಿನ ಮೊಲೆಯ ಮೇಲೆ ಒಂದು ತಾಮ್ರದ ಪುಟ್ಟ ಟೋಪಿ, ಅದೇ ಕೇಪು. ಕುದುರೆ ಬಂದು ಕೇಪಿಗೆ ಬಡಿದರೆ ಕಿಡಿ ಒಳಗೆ ಹೋಗಿ ಮದ್ದು ಹೊತ್ತಿಕೊಳ್ಳುತ್ತೆ. ಒಂದು ಈಡು ಹಾರಿಸಿ ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಪಕ್ಕದ ಊರು ಸೇರಿರುತ್ತೆ! ಮಳೆಗಾಲದಲ್ಲಿ ಮದ್ದು ತೇವ ಎಳೆಯುತ್ತೆ ಅಂತ ಅಜ್ಜಯ್ಯ ಮದ್ದಿನ ಕೊಂಬನ್ನ ಪಣತದ ಭತ್ತದೊಳಗೆ ಹುಗಿದಿಡುತ್ತಿದ್ದರು. "ಮದ್ದು ಎಲ್ಲಿಟ್ಯೆ?" ಅಂತ ಅಜ್ಜಯ್ಯ ಕೂಗಿದರೆ ಅಜ್ಜಿ ಕಷಾಯದ ಪುಡಿ ತಂದುಕೊಟ್ಟದ್ದೂ ಉಂಟಂತೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಕೋವಿಗೆ ಬೇಕಾದ ಪ್ರತಿಯೊಂದನ್ನೂ ಬೇರೆಬೇರೆಯಾಗಿ ತರಬಹುದು. ಸೀಸ ಒಂದು ಅಂಗಡಿಯಲ್ಲಿ, ನಾರು ಹಿತ್ತಲಲ್ಲಿ, ಗಜ ಮುರಿದರೆ ಹೊಸದನ್ನ ಮಾಡಿಕೊಡಲಿಕ್ಕೆ ಊರಿನ ಆಚಾರಿ. ನಳಿಗೆಯ ಅಳತೆ ಇಷ್ಟೇ ಇರಬೇಕು ಅಂತಿಲ್ಲ. ಏನು ಹಾಕಿದರೂ ತಿನ್ನುವ ಮನೆಯ ನಾಯಿಯ ಹಾಗೆ ಅದು.

ಆದರೆ ಮದ್ದು? ಕರಿಮದ್ದಿನಲ್ಲಿ ಇರೋದು ಮೂರೇ ವಸ್ತು: ಪೆಟ್ಲುಪ್ಪು, ಇದ್ದಿಲು, ಗಂಧಕ. ನಾಲ್ಕರಲ್ಲಿ ಮೂರು ಪಾಲು ಪೆಟ್ಲುಪ್ಪೇ. ಅದು ಸಿಗೋದು ಒಣ ನಾಡಿನ ಹಳೇ ಮಣ್ಣುಗೋಡೆ, ಕೊಟ್ಟಿಗೆಯ ನೆಲದಲ್ಲಿ ಬೆಳ್ಳಗೆ ಉಕ್ಕಿದ ಉಪ್ಪಾಗಿ. ಅದನ್ನ ಕೆರೆದು, ನೀರಲ್ಲಿ ಕರಗಿಸಿ, ಸೋಸಿ, ಕಾಯಿಸಿ ಹರಳು ಮಾಡ್ತಿದ್ದರು. ಒಂದು ಕಾಲಕ್ಕೆ ಯುರೋಪಿನ ಯುದ್ಧಗಳೆಲ್ಲ ನಡೆದದ್ದು ಬಿಹಾರದಿಂದ ಈಸ್ಟ್ ಇಂಡಿಯಾ ಕಂಪನಿ ಹಡಗಿನಲ್ಲಿ ಹೊತ್ತ ಪೆಟ್ಲುಪ್ಪಿನಿಂದ ಅಂದರೆ ತಪ್ಪಿಲ್ಲ. ಈಗ ನಮ್ಮ ಕಡೆ ನೋಡಿ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಎರಡೂ ಮಳೆಗೆ ಹೆಸರಾದ ಜಾಗ. ಇಲ್ಲಿ ಮಳೆ ಗೋಡೆಯನ್ನೇ ತೊಳೆದುಕೊಂಡು ಹೋಗುತ್ತೆ, ಇನ್ನು ಗೋಡೆಯ ಮೇಲಿನ ಉಪ್ಪೆಲ್ಲಿ ಉಳಿಯಬೇಕು! ಮೂರರಲ್ಲಿ ನಮ್ಮ ಕಾಡಿನಲ್ಲಿ ಧಾರಾಳ ಇರೋದು ಇದ್ದಿಲು ಒಂದೇ. ಉಪ್ಪು ಬಯಲುಸೀಮೆಯಿಂದ ಬರಬೇಕು, ಗಂಧಕ ಹೊರದೇಶದಿಂದ ಬರಬೇಕು.

ಇದನ್ನ ಯೋಚಿಸಿದಾಗಲೇ ನನಗೆ ನಗರದ ಮಹತ್ವ ಹೊಳೆದದ್ದು. ನಗರ ಅಂದರೆ ಹಳೆಯ ಬಿದನೂರು, ನಮ್ಮದೇ ತಾಲ್ಲೂಕು. ಕೆಳದಿ ಅರಸರು ಮೊದಲು ಸಾಗರದ ಹತ್ತಿರದ ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು ಅಂತ ರಾಜಧಾನಿ ಬದಲಿಸಿದರು. ಶಿವಪ್ಪನಾಯಕನ ಕಾಲಕ್ಕೆ (1645-1660) ಬಿದನೂರು ದೊಡ್ಡ ಊರು. ಜಾಗ ನೋಡಿದರೆ ಗೊತ್ತಾಗುತ್ತೆ, ಒಂದು ಕಡೆ ಘಟ್ಟ ಇಳಿದರೆ ಕುಂದಾಪುರ, ಬಸರೂರಿನ ಬಂದರು. ಇನ್ನೊಂದು ಕಡೆ ಬಯಲುಸೀಮೆಯ ದಾರಿ. ಮೆಣಸು, ಅಕ್ಕಿ ಇಳಿಯುವ ದಾರಿಯಲ್ಲೇ ಹೊರದೇಶದ ಸರಕು ಹತ್ತಬೇಕು. 1763ರಲ್ಲಿ ಹೈದರಾಲಿ ರಾಣಿ ವೀರಮ್ಮಾಜಿಯಿಂದ ಬಿದನೂರು ಕಿತ್ತುಕೊಂಡ. ಹೈದರ್‌ನಗರ ಅಂತ ತನ್ನ ಹೆಸರಿಟ್ಟ, ಟಂಕಸಾಲೆ ನಡೆಸಿದ, ಜೊತೆಗೆ ಶಸ್ತ್ರಾಗಾರ ಮಾಡಿ ಕೋವಿ-ಮದ್ದು ತಯಾರಿಸಲಿಕ್ಕೆ ಜನರನ್ನ ಹಚ್ಚಿದ. ಮದ್ದಿಗೆ ಬೇಕಾದ್ದು ಬಹುಪಾಲು ಬೆಳೆಯದ ಈ ಕಾಡಿನಲ್ಲಿ ಮದ್ದಿನ ಕಾರ್ಖಾನೆ! ದಾರಿ ಕೈಯಲ್ಲಿದ್ದರೆ ಅದೆಲ್ಲ ಸಾಧ್ಯ. ಈ ನಗರದ ಮದ್ದಿನ ವಿಷಯಕ್ಕೆ ಆಮೇಲೆ ಮತ್ತೆ ಬರ್ತೀನಿ, ನೆನಪಿರಲಿ.

ಹೈದರನ ಕಾಲದ ಕೋವಿಗಳಿಗೆ ಕೇಪು ಇರಲಿಲ್ಲ. ಉರಿಯುವ ಬತ್ತಿಯಿಂದಲೋ ಚಕಮಕಿ ಕಲ್ಲಿನ ಕಿಡಿಯಿಂದಲೋ ಮದ್ದಿಗೆ ಬೆಂಕಿ. ಮಳೆ ಬಂದರೆ ಮುಗೀತು. ಇದಕ್ಕೆ ಪರಿಹಾರ ಕಂಡುಹಿಡಿದವನು ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸೈತ್. ಹಕ್ಕಿ ಹೊಡೆಯುವ ಹುಚ್ಚಿನವನು. ಚಕಮಕಿಯ ಕಿಡಿ ಕಂಡ ಕೂಡಲೇ ಹಕ್ಕಿಗಳು ಹಾರಿಹೋಗ್ತವೆ ಅನ್ನೋದು ಅವನ ತಲೆನೋವು. ಬಡಿದರೆ ತಾನಾಗಿ ಸಿಡಿಯುವ ಪುಡಿಯನ್ನ ಬಳಸಿ 1807ರಲ್ಲಿ ಪೇಟೆಂಟ್ ತೆಗೆದುಕೊಂಡ. ಹದಿನೈದಿಪ್ಪತ್ತು ವರ್ಷದಲ್ಲಿ ಅದು ತಾಮ್ರದ ಕೇಪಾಯಿತು. ಮಳೆಯಲ್ಲೂ ಹೊಡೆಯಬಹುದಾದ ಕೋವಿ! ಮಲೆನಾಡಿಗೆ ಹೇಳಿ ಮಾಡಿಸಿದ್ದು. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು', 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ತೀರ್ಥಹಳ್ಳಿ ಕಡೆಯ ಆ ಕೋವಿ-ಶಿಕಾರಿ ಪ್ರಪಂಚ ಹೊಸದಲ್ಲ.

ಆದರೆ ಕೇಪಿನ ಜೊತೆ ಒಂದು ಸಣ್ಣ ಹಗ್ಗವೂ ಬಂತು. ಚಕಮಕಿ ಕಲ್ಲು ಹೊಳೆದಂಡೆಯಲ್ಲಿ ಹುಡುಕಿದರೆ ಸಿಕ್ಕೀತು, ಕೇಪು ಕಾರ್ಖಾನೆಯಿಂದಲೇ ಬರಬೇಕು. ಕೋವಿ ಮೊದಲ ಸಲ ದೂರದ ಯಾವುದೋ ಯಂತ್ರಕ್ಕೆ ಕಟ್ಟುಬಿತ್ತು. ಮುಂದೆ ಬಂದ ದೊರೆ ಕೋವಿಯ ಕಾಲಕ್ಕೆ ಆ ಹಗ್ಗ ಸರಪಳಿಯೇ ಆಯಿತು.

ದೊರೆ ಕೋವಿಯ ಸನ್ನೆ, ಸೂಜಿಡಬ್ಬಿಯ ಸಂಖ್ಯೆ ಎರಡನ್ನೂ ಇಟ್ಟು ನೋಡಿದಾಗ ಅದರ ಜಾತಕ ಸಿಕ್ಕಿತು. ಅದು ಮಾರ್ಟಿನಿ ಮಾದರಿ. ಬ್ರಿಟಿಷ್ ಸೈನ್ಯ 1871ರಲ್ಲಿ ಮಾರ್ಟಿನಿ-ಹೆನ್ರಿ ರೈಫಲನ್ನ ಒಪ್ಪಿಕೊಂಡಿತು. ಅದಕ್ಕೂ ಮೊದಲು 1866ರಿಂದ ಇದ್ದದ್ದು ಸ್ನೈಡರ್, ಅದರ ನಳಿಗೆಯ ಬಾಯಿ 0.577 ಅಂಗುಲ. ಹಳೇ ಸ್ನೈಡರಿನ ತೋಟಾದ ದಪ್ಪ ಬುಡವನ್ನೇ ಇಟ್ಟುಕೊಂಡು ಕುತ್ತಿಗೆಯನ್ನ ಮಾತ್ರ 0.450 ಅಂಗುಲಕ್ಕೆ ಹಿಸುಕಿದರು. ಅಜ್ಜಿಯ ಡಬ್ಬಿ ಸೀಸೆಯ ಆಕಾರದಲ್ಲಿದ್ದದ್ದು ಅದಕ್ಕೇ! ಒಳಗೆ 85 ಗ್ರೇನ್, ಅಂದರೆ ಐದೂವರೆ ಗ್ರಾಂ ಕರಿಮದ್ದು. ಮುಂದೆ 480 ಗ್ರೇನ್, ಅಂದರೆ 31 ಗ್ರಾಂ ತೂಕದ ಸೀಸದ ಗುಂಡು. ತೊಲದ ಲೆಕ್ಕದಲ್ಲಿ ಎರಡೂವರೆ ತೊಲಕ್ಕಿಂತ ಜಾಸ್ತಿ. ಕೈನಾಕ್ ಅನ್ನೋದು ಬರ್ಮಿಂಗ್‌ಹ್ಯಾಮಿನ ತೋಟಾ ಕಂಪನಿ. ಸೈನ್ಯದ ಮೊದಲಿನ ತೋಟಾಗಳು ತೆಳು ಹಿತ್ತಾಳೆ ಹಾಳೆ ಸುತ್ತಿ ಮಾಡಿದವು, ಒಮ್ಮೆ ಹೊಡೆದರೆ ಮುಗೀತು, ಕೆಲವು ಸಲ ಬಿಸಿಗೆ ಒಳಗೇ ಕಚ್ಚಿಕೊಂಡು ಸಿಪಾಯಿಯ ಪ್ರಾಣ ತೆಗೆಯುತ್ತಿದ್ದವು. ಆಮೇಲೆ ಬಂದದ್ದು ಇಡೀ ಹಿತ್ತಾಳೆಯನ್ನೇ ಎಳೆದು ಮಾಡಿದ ಗಟ್ಟಿ ತೋಟಾ, ಅಜ್ಜಿಯ ಡಬ್ಬಿಯಂಥದ್ದು. ಇದನ್ನ ಮತ್ತೆ ಮತ್ತೆ ತುಂಬಬಹುದು.

ಹಾಗಾದರೆ ತೋಟಾ ಬರೋದು ಯಾಕೆ ನಿಂತಿತು?

ಕಾರಣ ನಮ್ಮೂರಿಗೂ ನಮ್ಮ ಅಜ್ಜಯ್ಯನಿಗೂ ಸಂಬಂಧವೇ ಇಲ್ಲದ್ದು. ಸೈನ್ಯಕ್ಕೆ ಹೊಸ .303 ರೈಫಲ್ ಬಂದಮೇಲೆ ಹಳೇ ಮಾರ್ಟಿನಿಗಳು ಎಲ್ಲೆಲ್ಲೋ ಚದುರಿದ್ದವು, ವಾಯವ್ಯ ಗಡಿಯ ಬುಡಕಟ್ಟಿನವರ ಕೈಯಲ್ಲೂ ಇದ್ದವು. ಬೇಟೆಯ ಹೆಸರಲ್ಲಿ ಭಾರತಕ್ಕೆ ಬರುವ .450 ತೋಟಾ, ಗುಂಡುಗಳು ಆ ಕೋವಿಗಳ ಹೊಟ್ಟೆ ಸೇರಿದರೆ? ಅನ್ನೋ ಭಯಕ್ಕೆ 20ನೇ ಶತಮಾನದ ಮೊದಲ ದಶಕದಲ್ಲಿ ಸರ್ಕಾರ ಭಾರತಕ್ಕೆ .450 ಅಳತೆಯ ರೈಫಲು, ತೋಟಾಗಳ ಆಮದನ್ನೇ ನಿಷೇಧಿಸಿತು. ಲಂಡನ್ನಿನ ಕೋವಿ ಕಂಪನಿಗಳು ರಾತ್ರೋರಾತ್ರಿ .465, .470, .475 ಅಂತ ಹೊಸ ಅಳತೆ ಹುಟ್ಟಿಸಿಕೊಂಡವು. ಆನೆ ಹೊಡೆಯುವ ಹೆಸರಾಂತ .470 ರೈಫಲು ಹುಟ್ಟಿದ್ದು ಹೀಗೆ. ಮಹಾರಾಜರು, ದೊರೆಗಳು ಹೊಸದು ಕೊಂಡರು. ಹೊಸನಗರದ ಮೂಲೆಯ ಒಬ್ಬ ಅಡಿಕೆ ಬೆಳೆಗಾರ ಹೊಸ ರೈಫಲ್ ಎಲ್ಲಿಂದ ಕೊಳ್ಳಬೇಕು?

'ನಮ್ಮದು ಮೈಸೂರು ಸಂಸ್ಥಾನ ಅಲ್ವಾ, ಬ್ರಿಟಿಷರ ನಿಷೇಧ ನಮಗ್ಯಾಕೆ?' ಅಂತ ನಿಮಗೂ ಅನ್ನಿಸಬಹುದು, ನನಗೂ ಅನ್ನಿಸಿತು. 1881ರಲ್ಲೇ ರಾಜ್ಯ ಒಡೆಯರಿಗೆ ವಾಪಸ್ ಬಂದಿತ್ತು, ನಿಜ. ಆದರೆ ಮೈಸೂರಿಗೆ ಬಂದರಿರಲಿಲ್ಲ ನೋಡಿ. ಮಂಗಳೂರೂ ಅವರದ್ದು, ಮದ್ರಾಸೂ ಅವರದ್ದು, ಬೊಂಬಾಯಿಯೂ ಅವರದ್ದು. ಬಿದನೂರಿನವರು ಘಟ್ಟದ ಕೆಳಗಿನ ಬಂದರು ಕೈಯಲ್ಲಿಟ್ಟುಕೊಂಡು ಆಳಿದ್ದರು, ಈಗ ಅದೇ ದಾರಿಯ ಬಾಗಿಲು ಬೇರೆಯವರ ಕೈಲಿತ್ತು.

ಇಲ್ಲೇ ನನಗೆ ಈ ಇಡೀ ಕತೆಯ ಮರ್ಮ ಕಂಡದ್ದು. ಜನರ ಕೈಯಿಂದ ಕೋವಿ ಕಿತ್ತುಕೊಳ್ಳಲಿಕ್ಕೆ ಎರಡು ದಾರಿ. ಒಂದು, 1878ರ ಶಸ್ತ್ರಾಸ್ತ್ರ ಕಾಯ್ದೆಯ ದಾರಿ: ಲೈಸೆನ್ಸ್ ಮಾಡು, ಮನೆಮನೆ ಲೆಕ್ಕ ಇಡು. (ಕೊಡಗಿನವರಿಗೆ ಮಾತ್ರ 1861ರಲ್ಲೇ ವಿನಾಯಿತಿ ಸಿಕ್ಕಿತ್ತು.) ಇದಕ್ಕೆ ಪೊಲೀಸರು, ಕಾಗದ, ಗಲಾಟೆ ಎಲ್ಲ ಬೇಕು. ಇನ್ನೊಂದು ದಾರಿಯಲ್ಲಿ ಯಾರ ಮನೆಗೂ ಹೋಗಬೇಕಾಗಿಲ್ಲ. ಬಂದರಿನಲ್ಲಿ ತೋಟಾದ ಪೆಟ್ಟಿಗೆ ತಡೆದರೆ ಸಾಕು. ಸಾವಿರಾರು ಮೈಲಿ ದೂರದ ಅಟ್ಟದ ಮೇಲೆ ಕೋವಿ ತಾನಾಗಿ ಸಾಯುತ್ತೆ. ಸ್ವಾತಂತ್ರ್ಯ ಬಂದಮೇಲೂ ಈ ಲೆಕ್ಕ ಬದಲಾಗಲಿಲ್ಲ. .303 ಸೈನ್ಯದ ಅಳತೆ, ಸಾಮಾನ್ಯರಿಗೆ ನಿಷೇಧ. ಅದಕ್ಕೇ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಯವರು ಸಾರ್ವಜನಿಕರಿಗೆ ಅಂತ .315 ಅಳತೆಯ ರೈಫಲ್ ಮಾಡಿದ್ದು. ಕೋವಿಯ ಸೈಜು ನೋಡಿದರೆ ಅದರ ಹಿಂದಿನ ರಾಜಕೀಯ ಗೊತ್ತಾಗುತ್ತೆ.

ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ ಕತೆಗಳನ್ನ ಓದಿ ಬೆಳೆದವರು ನಾವೆಲ್ಲ. ಆಂಡರ್ಸನ್ನರ ನಂಬಿಕೆಯ ರೈಫಲು .405 ವಿಂಚೆಸ್ಟರ್. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಚೋರಡಿಯ ಹುಲಿಯ ಕತೆಯನ್ನೂ ಅವರು ಬರೆದಿದ್ದಾರೆ. ಆ .405 ತೋಟಾವನ್ನೂ ಮುಂದೆ ಕಂಪನಿ ನಿಲ್ಲಿಸಿತು. ಎಷ್ಟು ದೊಡ್ಡ ಶಿಕಾರಿಯಾದರೂ ಕಾರ್ಖಾನೆ ಕೈಬಿಟ್ಟರೆ ಮುಗೀತು.

ಈಗ ನಮ್ಮ ಮನೆಯವರು ಯಾರೂ ಇಷ್ಟಪಟ್ಟು ಹೇಳದ ಭಾಗಕ್ಕೆ ಬರ್ತೀನಿ.

ಖಾಲಿ ತೋಟಾ ಎಸೆಯುವ ಅಭ್ಯಾಸ ನಮ್ಮ ಕಡೆಯವರಿಗೆ ಇರಲಿಲ್ಲ. ಹನ್ನೆರಡು ಬೋರಿನ ಹಿತ್ತಾಳೆ ತೋಟಾಗಳನ್ನ ಮನೆಯಲ್ಲೇ ತುಂಬಿಕೊಳ್ಳುವುದು ಮಾಮೂಲು. (ಹನ್ನೆರಡು ಬೋರು ಅಂದ್ರೆ ಏನು ಗೊತ್ತಾ? ಒಂದು ಪೌಂಡ್ ಸೀಸದಲ್ಲಿ ಒಂದೇ ಸಮ ಹನ್ನೆರಡು ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆ.) ಕಾಗದದ ತೋಟಾ ಮಲೆನಾಡಿನ ಮಳೆಗೆ ಉಬ್ಬಿ ನಳಿಗೆಯೊಳಗೆ ಹೋಗುತ್ತಿರಲಿಲ್ಲ, ಹಿತ್ತಾಳೆಗೆ ಆ ತಾಪತ್ರಯ ಇಲ್ಲ. ಹಾಗಾಗಿ ದೊರೆ ಕೋವಿಯ ಐದು ಖಾಲಿ ತೋಟಾಗಳನ್ನೂ ಮುತ್ತಜ್ಜ ಜೋಪಾನ ಮಾಡಿಟ್ಟಿದ್ದರು.

ಆದರೆ ತುಂಬಲಿಕ್ಕೆ ಮೊದಲ ಅಡ್ಡಿ ಬುಡದ ಕೇಪು. ತೋಟಾದ ಕೇಪಿನಲ್ಲಿ ಎರಡು ಜಾತಿ. ಒಂದರಲ್ಲಿ ಬುಡದ ನಡುವೆ ಒಂದೇ ತೂತು, ಒಳಗಿಂದ ಕಡ್ಡಿ ಹಾಕಿ ತಳ್ಳಿದರೆ ಹಳೇ ಕೇಪು ಹೊರಗೆ. ಇದು ಇಂಗ್ಲೆಂಡಿನ ಕರ್ನಲ್ ಬಾಕ್ಸರ್ ಮಾಡಿದ್ದು. ಇನ್ನೊಂದರಲ್ಲಿ ನಡುವೆ ಸಣ್ಣ ದಿಬ್ಬ, ಅದರ ಪಕ್ಕ ಎರಡು ಪುಟಾಣಿ ತೂತು. ಕಡ್ಡಿ ಹಾಕಿದರೆ ಏನೂ ಆಗಲ್ಲ, ಹೊರಗಿಂದ ಮೀಟಿ ತೆಗೆಯಬೇಕು. ಇದು ಅಮೆರಿಕದ ಬರ್ಡನ್ ಮಾಡಿದ್ದು. ತಮಾಷೆ ಅಂದ್ರೆ ಇಂಗ್ಲಿಷಿನವನದ್ದು ಅಮೆರಿಕದಲ್ಲಿ ಮನೆಮಾತಾಯಿತು, ಅಮೆರಿಕದವನದ್ದು ಯುರೋಪಿನಲ್ಲಿ! ಅಜ್ಜಿಯ ಡಬ್ಬಿಯೊಳಗೆ ಟಾರ್ಚ್ ಬಿಟ್ಟು ನೋಡಿದೆನಲ್ಲ, ಎರಡು ತೂತು ಕಂಡವು. ಬುಡದ ಹೊರಗೆ ಮೀಟಿದ ಗೀರುಗಳೂ ಇವೆ. ಆ ಗೀರು ಸಣ್ಣಜ್ಜಯ್ಯನದ್ದು.

ಸಣ್ಣಜ್ಜಯ್ಯ ಅಂದ್ರೆ ಅಜ್ಜಯ್ಯನ ತಮ್ಮ. ಕೈಕೆಲಸದಲ್ಲಿ ಬಲು ಚುರುಕು, ಗಡಿಯಾರ ಬಿಚ್ಚಿ ಜೋಡಿಸುವ ಆಸಾಮಿ. ರಾಜ್ಯ ಒಂದಾದ ವರ್ಷ, 1956ರಲ್ಲಿ, ದೊರೆ ಕೋವಿಯನ್ನ ಎಬ್ಬಿಸಿಯೇ ತೀರ್ತೀನಿ ಅಂತ ಹೊರಟರು. ಕೇಪು ಹೇಗೋ ಹೊಂದಿಸಿದರು. ಗುಂಡು ಮನೆಯಲ್ಲೇ ಎರಕ ಹೊಯ್ದರು. ತಪ್ಪಿದ್ದು ಮದ್ದಿನಲ್ಲಿ. ಕರಿಮದ್ದಿನ ಬದಲು ಹೊಸ ಕಾಲದ ತೋಟಾದಿಂದ ತೆಗೆದ ಹೊಗೆಯಿಲ್ಲದ ಮದ್ದು ತುಂಬಿದರು. 'ಹೊಸದು, ಒಳ್ಳೆಯದು' ಅನ್ನೋ ಲೆಕ್ಕ.

ಎರಡೂ ಮದ್ದೇ. ಆದರೆ ಸ್ವಭಾವ ಬೇರೆ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಮಸಿ, ಹೊಗೆಯಾಗಿ ಉಳಿದುಬಿಡುತ್ತೆ, ಗುಂಡನ್ನ ದಬ್ಬುವುದು ಉಳಿದ ಭಾಗವಷ್ಟೇ. 1880ರ ದಶಕದಲ್ಲಿ ಬಂದ ಹೊಗೆಯಿಲ್ಲದ ಮದ್ದು ಪೂರ್ತಿ ಅನಿಲವೇ ಆಗುತ್ತೆ. ತೂಕಕ್ಕೆ ತೂಕ ಹಾಕಿದರೆ ಒತ್ತಡ ಎಷ್ಟೋ ಪಟ್ಟು. ಹಳೇ ಕಬ್ಬಿಣ ಅದನ್ನ ತಡೆಯೋದಿಲ್ಲ. ಹಿಂಬಾಗಿಲ ಸಂದಿನಿಂದ ಬೆಂಕಿ ಹಿಂದಕ್ಕೆ ಬಂದು ಸಣ್ಣಜ್ಜಯ್ಯನ ಬಲಗಣ್ಣು ಹೋಯಿತು, ಹೆಬ್ಬೆರಳಿನ ತುದಿಯೂ ಹೋಯಿತು. ಆಸ್ಪತ್ರೆ ಮುಟ್ಟಲಿಕ್ಕೆ ಗಾಡಿಯಲ್ಲಿ ಅರ್ಧ ದಿನ. ನಾನು ನೋಡಿದ ಸಣ್ಣಜ್ಜಯ್ಯ ಯಾವಾಗಲೂ ತಲೆ ಸ್ವಲ್ಪ ಬಲಕ್ಕೆ ತಿರುಗಿಸಿಯೇ ಮಾತಾಡುತ್ತಿದ್ದರು. ಅದು ಅವರ ಗತ್ತು ಅಂತಲೇ ನಾವು ಮಕ್ಕಳೆಲ್ಲ ತಿಳಿದಿದ್ದೆವು.

ಅಜ್ಜಯ್ಯ ಆ ದಿನವೇ ಕೋವಿಯನ್ನ ಗೋಣಿತಾಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಉಳಿದ ಖಾಲಿ ತೋಟಾಗಳನ್ನ ಹೊಳೆಗೆ ಎಸೆದರಂತೆ. ಒಂದನ್ನ ಅಜ್ಜಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. "ಅಷ್ಟು ಒಳ್ಳೆ ಹಿತ್ತಾಳೆ, ಎಸೀಲಿಕ್ಕೆ ಮನಸ್ಸಾಗಲ್ಲೆ" ಅಂತ ಆಮೇಲೆ ಹೇಳುತ್ತಿದ್ದರಂತೆ. ಈ ವಿಷಯವೆಲ್ಲ ನನಗೆ ಗೊತ್ತಾದದ್ದು ಕಳೆದ ವರ್ಷ, ಚಿಕ್ಕಪ್ಪಯ್ಯನ ಬಾಯಿಂದ. ಅವರಿಗೆ ಈಗ ಎಂಬತ್ತೆರಡು. ಅವರೂ ಇಲ್ಲದಿದ್ದರೆ ಆ ಗೀರು ಯಾರದ್ದು ಅಂತ ಹೇಳುವವರು ಯಾರೂ ಇರುತ್ತಿರಲಿಲ್ಲ.

ಅಮೆರಿಕ, ಇಂಗ್ಲೆಂಡಿನಲ್ಲಿ ಈಗಲೂ ಮಾರ್ಟಿನಿ ರೈಫಲಿಗೆ ತೋಟಾ ತುಂಬುವ ಹವ್ಯಾಸಿಗಳಿದ್ದಾರೆ. ಕಾರ್ಖಾನೆಯ ತೋಟಾ ಸಿಗದ್ದಕ್ಕೆ 24 ಬೋರಿನ ಹಿತ್ತಾಳೆ ತೋಟಾವನ್ನ ಅಚ್ಚಿಗೆ ಹಾಕಿ ಕುತ್ತಿಗೆ ಹಿಸುಕಿ ಈ ಸೀಸೆ ಆಕಾರಕ್ಕೆ ತರುತ್ತಾರಂತೆ. ಅವರ ಹತ್ತಿರ ಅಚ್ಚು, ತಕ್ಕಡಿ, ಅಳತೆಯ ಪುಸ್ತಕ ಎಲ್ಲ ಇದೆ. ಸಣ್ಣಜ್ಜಯ್ಯನಿಗೆ ಇದ್ದದ್ದು ಒಂದು ಅರ ಮತ್ತು ಹಟ. ಬುದ್ಧಿಯಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ, ಗೊತ್ತಿರಬೇಕಾದ ಒಂದೇ ಒಂದು ಮಾತು ಹೇಳುವವರು ಸುತ್ತ ಯಾರೂ ಇರಲಿಲ್ಲ. ತೋಟಾದ ದಾರಿ ಕಟ್ಟಾದಾಗ ಅದರ ಜೊತೆ ಬರಬೇಕಾದ ತಿಳಿವಳಿಕೆಯ ದಾರಿಯೂ ಕಟ್ಟಾಗುತ್ತೆ ಅನ್ಸುತ್ತೆ.

ಈಗ ನಗರಕ್ಕೆ ವಾಪಸ್ ಬರೋಣ.

2002ರಲ್ಲಿ ನಗರದ ಒಂದು ತೋಟದ ಹಳೇ ಬಾವಿಯಲ್ಲಿ ತುಕ್ಕು ಹಿಡಿದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಮೊದಲು ಇವು ಫಿರಂಗಿ ಗುಂಡಿನಂಥವು ಅಂದುಕೊಂಡು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮ್ಯೂಸಿಯಮ್ಮಿಗೆ ಸೇರಿಸಿದರು. ವರ್ಷಗಳ ಮೇಲೆ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಅವು ಮೈಸೂರು ರಾಕೆಟ್‌ಗಳು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅದೇ ಬಾವಿಯನ್ನ ಅಗೆದಾಗ ಬಂದವು ಸಾವಿರಕ್ಕೂ ಹೆಚ್ಚು! ಸುಮಾರು ಗೇಣುದ್ದದವು, ಒಳಗೆ ಮದ್ದು ತುಂಬಿಯೇ ಇದ್ದವು. ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತು ಅಂತ ಪತ್ರಿಕೆಗಳಲ್ಲಿ ಬಂದಿತ್ತು.

1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಸೈನ್ಯದ ಮೇಲೆ ಬಿದ್ದ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲೆಂಡಿನ ವುಲಿಚ್‌ಗೆ ಸಾಗಿಸಿದ, ಕಾಂಗ್ರೀವ್ ತನ್ನ ರಾಕೆಟ್ಟಿಗೆ ಮಾದರಿ ಮಾಡಿಕೊಂಡ ರಾಕೆಟ್ಟುಗಳ ಬಳಗದವು ಇವು. ನಗರವೂ ಕಡಿಮೆ ಕಂಡಿರಲಿಲ್ಲ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಇದನ್ನ ಹಿಡಿದ, ಏಪ್ರಿಲ್ ಮುಗಿಯುವಷ್ಟರಲ್ಲಿ ಟಿಪ್ಪು ವಾಪಸ್ ಪಡೆದ. ಅಂಥ ಊರಿನ ಬಾವಿಯೊಳಗೆ ಯಾರೋ ಸಾವಿರ ರಾಕೆಟ್ಟು ಇಟ್ಟರು, ತೆಗೆಯಲಿಕ್ಕೆ ವಾಪಸ್ ಬರಲಿಲ್ಲ.

ಮ್ಯೂಸಿಯಮ್ಮಿನಲ್ಲಿ ಅವುಗಳ ಮುಂದೆ ನಿಂತಾಗ ನನಗೆ ಅಟ್ಟದ ದೊರೆ ಕೋವಿಯೇ ನೆನಪಾದದ್ದು. ನಮ್ಮ ಮನೆಯಲ್ಲಿ ಕೋವಿ ಉಳಿಯಿತು, ತೋಟಾ ಇರಲಿಲ್ಲ. ನಗರದ ಬಾವಿಯಲ್ಲಿ ಮದ್ದು ಉಳಿಯಿತು, ಹಾರಿಸುವ ಕೈ ಇರಲಿಲ್ಲ. ಎರಡರದ್ದೂ ಒಂದೇ ಕತೆ. ಆಯುಧ ಅನ್ನೋದು ಬರೀ ಕಬ್ಬಿಣ ಅಲ್ಲ. ಉಪ್ಪು ಕೆರೆಯುವವನಿಂದ ಹಿಡಿದು ಗಂಧಕ ಹೊತ್ತು ಘಟ್ಟ ಹತ್ತುವ ಎತ್ತಿನವರೆಗೆ, ಬಂದರಿನ ಸುಂಕದವನಿಂದ ಹಿಡಿದು 'ಈ ಮದ್ದು ಹಾಕಬೇಡ' ಅಂತ ಹೇಳುವ ಹಿರಿಯನವರೆಗೆ ಒಂದು ಉದ್ದ ಸಾಲು ಅದು. ಎಲ್ಲಿ ಒಂದು ಕೊಂಡಿ ಕಳಚಿದರೂ ಉಳಿಯೋದು ತುಕ್ಕು ಮಾತ್ರ.

ಅಜ್ಜಯ್ಯ 1987ರಲ್ಲಿ ತೀರಿಕೊಂಡರು. ಮರುವರ್ಷ ಚಿಕ್ಕಪ್ಪಯ್ಯ ದೊರೆ ಕೋವಿಯನ್ನ ಠಾಣೆಗೆ ಒಪ್ಪಿಸಿ ಬಂದರು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ, ಹಳೇ ಮಾದರಿಯ ಅಥವಾ ಪುರಾತನ ಬೆಲೆಯ, ರಿಪೇರಿ ಮಾಡಿದರೂ ಹೊಡೆಯಲಿಕ್ಕೆ ಬಾರದ ಆಯುಧಕ್ಕೆ ಕಾಯ್ದೆ ಅನ್ವಯಿಸೋದಿಲ್ಲ ಅಂತ ಇದೆ. ನಮ್ಮದು ಆ ಲೆಕ್ಕಕ್ಕೆ ಬರುತ್ತಿತ್ತೋ ಇಲ್ಲವೋ, ಕೇಳಬೇಕು ಅಂತಲೇ ಯಾರಿಗೂ ಗೊತ್ತಿರಲಿಲ್ಲ. "ಸಣ್ಣಪ್ಪಯ್ಯನ ಕಣ್ಣು ತಿಂದ ಕೋವಿ, ಹೋದರೆ ಹೋಗಲಿ ಅನ್ನಿಸ್ತು ಕಣೋ" ಅಂದರು ಚಿಕ್ಕಪ್ಪಯ್ಯ. ನಾನು ಏನೂ ಹೇಳಲಿಲ್ಲ. ರಸೀತಿ ಮಾತ್ರ ಇದೆ.

ಕೇಪಿನ ಕೋವಿ ಇನ್ನೂ ಇದೆ. ಲೈಸೆನ್ಸಿನಲ್ಲಿ ಅದರ ಹೆಸರು 'ಎಸ್‌ಬಿಎಂಎಲ್'. ಬೆಳೆ ರಕ್ಷಣೆಗೆ ಅಂತ ಕೊಟ್ಟದ್ದು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಮುಗಿದ ಮಾತು, ಮುಗಿದದ್ದೇ ಒಳ್ಳೆಯದು. ಈಗ ಅದು ಹೆದರಿಸುವ ಸದ್ದಿಗೆ ಮಾತ್ರ. ಚುನಾವಣೆ ಬಂದಾಗ ಠಾಣೆಗೆ ಹೊತ್ತುಕೊಂಡು ಹೋಗಿ ಇಡೋದು, ಮುಗಿದಮೇಲೆ ವಾಪಸ್ ತರೋದು. ಎಲ್ಲರೂ ಇಡಲೇಬೇಕು ಅಂತಿಲ್ಲ, ಅದಕ್ಕೆ ಪರಿಶೀಲನಾ ಸಮಿತಿ ಇದೆ ಅಂತ ಓದಿದ್ದೇನೆ. ಆದರೆ ಎಂಬತ್ತೆರಡರ ಚಿಕ್ಕಪ್ಪಯ್ಯ ಅರ್ಜಿ ಬರೆದು ಅಲೆಯುವ ಬದಲು ಕೋವಿಯನ್ನೇ ಹೊತ್ತುಕೊಂಡು ಹೋಗ್ತಾರೆ. ಅಷ್ಟರಲ್ಲಿ ಮಂಗಗಳು ತೋಟದಲ್ಲಿ ತಮ್ಮ ಚುನಾವಣೆ ಮುಗಿಸಿರುತ್ತವೆ! ಮುಂದಿನ ಸಲ ನವೀಕರಣ ಮಾಡಿಸೋದಾ, ಬಿಟ್ಟುಬಿಡೋದಾ ಅನ್ನೋ ಮಾತು ಮನೆಯಲ್ಲಿ ನಡೀತಾ ಇದೆ. ಅವರ ನಂತರ ಅದಕ್ಕೆ ಈಡು ತುಂಬಲಿಕ್ಕೆ ಬರುವವರು ಮನೆಯಲ್ಲಿ ಯಾರೂ ಇಲ್ಲ. ನಾನಂತೂ ನೋಡಿದ್ದೇ ಹೊರತು ಒಮ್ಮೆಯೂ ತುಂಬಿದವನಲ್ಲ.

ಸಾಗರದ ಅತ್ತೆಮನೆಯಲ್ಲಿ, ತೀರ್ಥಹಳ್ಳಿಯ ಷಡ್ಡಕರ ಮನೆಯಲ್ಲಿ ವಿಚಾರಿಸಿದೆ. ಎಲ್ಲ ಕಡೆಯೂ ಹೆಚ್ಚು ಕಡಿಮೆ ಇದೇ ಕತೆ. ಅತ್ತೆಮನೆಯ ಹಿರೀಕರ ಊರೇ 1964ರಲ್ಲಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು, ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿ ಮದ್ದಿನ ಕೊಂಬು ಅಲ್ಲೇ ಉಳಿಯಿತಂತೆ. ಕೋವಿ ಇಟ್ಟುಕೊಳ್ಳಿ ಅಂತ ನಾನು ಹೇಳ್ತಾ ಇಲ್ಲ, ಅದು ನಿಮ್ಮ ನಿಮ್ಮ ಮನೆಯ ವಿಷಯ. ಆದರೆ ಒಪ್ಪಿಸುವ ಮೊದಲು ಒಂದು ಫೋಟೋ ತೆಗೆದಿಡಿ. ನಳಿಗೆಯ ಮೇಲೆ, ತೋಟಾದ ಬುಡದಲ್ಲಿ ಏನು ಬರೆದಿದೆ ಓದಿ. ಯಾರು ತಂದರು, ಯಾರು ತುಂಬುತ್ತಿದ್ದರು, ಯಾರಿಗೆ ಏನಾಯಿತು ಅಂತ ಮನೆಯ ಹಿರಿಯರನ್ನ ಕೇಳಿ. ಅಟ್ಟದ ಮೇಲಿನ ಹಳೇ ತೋಟಾವನ್ನ ಮಾತ್ರ ದಯವಿಟ್ಟು ಬಿಚ್ಚಲಿಕ್ಕೆ, ತುಂಬಲಿಕ್ಕೆ ಹೋಗಬೇಡಿ.

ಡಬ್ಬಿಯನ್ನ ಬೆಂಗಳೂರಿಗೆ ತರ್ತೀನಿ, ಗಾಜಿನ ಕಪಾಟಿನಲ್ಲಿ ಇಡ್ತೀನಿ ಅಂತ ಅಮ್ಮನಿಗೆ ಹೇಳಿದೆ. ಇಷ್ಟೆಲ್ಲ ಚರಿತ್ರೆಯನ್ನೂ ಉತ್ಸಾಹದಿಂದ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಡಬ್ಬಿಯನ್ನ ನನ್ನ ಕೈಯಿಂದ ತೆಗೆದುಕೊಂಡು ಬಟ್ಟೆಯ ಬಿರಡೆ ಹಾಕಿದರು.

"ಎಲ್ಲಾ ಸರಿ ಮಾರಾಯ. ಸೂಜಿ ಎಲ್ಲಿಡ್ಲಿ?"